ಅಂಗುಳ ಕೂಡಿತು, ದವಡೆ ಹಿಂದೆ ಉಳಿಯಿತು

ಸೀಳು ಅಂಗುಳದೊಂದಿಗೆ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ವರ್ಷ ತುಂಬುವ ಆಸುಪಾಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಮಾತು ಬರುವ ಮೊದಲೇ ಕಿಂಡಿ ಮುಚ್ಚದಿದ್ದರೆ ಉಸಿರು ಮೂಗಿಗೆ ಸೋರಿ 'ಪ', 'ಬ', 'ಕ' ಸರಿಯಾಗಿ ಹೊರಡುವುದಿಲ್ಲ. ಹೊಲಿಗೆ ಕೂಡುತ್ತದೆ, ಮಾತೂ ಬರುತ್ತದೆ. ಆದರೆ ಹರೆಯದ ಹೊತ್ತಿಗೆ ಕೆಲವರ ಮೇಲ್ದವಡೆ ಇಕ್ಕಟ್ಟಾಗಿ ಹಿಂದೆ ಉಳಿಯುತ್ತದೆ, ಕೆಳಗಿನ ಹಲ್ಲುಗಳು ಮುಂದೆ ಬಂದು ಕೂರುತ್ತವೆ.

ತಪ್ಪು ಸೀಳಿನದೋ, ಚಾಕುವಿನದೋ? 1949ರಲ್ಲಿ ಅಮೆರಿಕದ ದಂತವೈದ್ಯ ಥಾಮಸ್ ಗ್ರೇಬರ್ ಚಾಕುವಿನ ಕಡೆ ಬೆರಳು ತೋರಿಸಿದರು. 1990ರಲ್ಲಿ ಮೈಕೆಲ್ ಮಾರ್ಸ್ ಮತ್ತು ವಿಲಿಯಂ ಹ್ಯೂಸ್ಟನ್ ಶ್ರೀಲಂಕಾದಲ್ಲಿ ಚಿಕಿತ್ಸೆಯೇ ಸಿಗದೆ ದೊಡ್ಡವರಾದವರನ್ನು ಪರೀಕ್ಷಿಸಿದಾಗ, ಅವರ ಮೇಲ್ದವಡೆಗೆ ಸಹಜವಾಗಿ ಬೆಳೆಯುವ ಶಕ್ತಿ ಇದ್ದದ್ದು ಕಂಡಿತು.

ವಿಷಯದ ಬೇರು ಇರುವುದು 1861ರ ಬರ್ಲಿನ್‌ನಲ್ಲಿ. ಶಸ್ತ್ರವೈದ್ಯ ಲಾಂಗೆನ್‌ಬೆಕ್ ಹಲ್ಲಿನ ಸಾಲಿನ ಒಳಬದಿಗೆ ಎರಡೂ ಕಡೆ ಕೊಯ್ದು, ಮೂಳೆಗೆ ಅಂಟಿದ ಪೊರೆಯನ್ನು ಎಬ್ಬಿಸಿ, ನಡುವಿಗೆ ಎಳೆದು ಹೊಲಿದರು. ನಡುವೆ ಮುಚ್ಚಿತು, ಪಕ್ಕದಲ್ಲಿ ಬರೀ ಮೂಳೆ ಉಳಿಯಿತು. ಮುಂದೆ ವೋ, ವಾರ್ಡಿಲ್, ಕಿಲ್ನರ್ ಅವರು ಮಾತು ಇನ್ನೂ ಚೆನ್ನಾಗಲೆಂದು ಪೊರೆಯನ್ನು ಹಿಂದಕ್ಕೆ ಸರಿಸಿದರು. ಬರೀ ಮೂಳೆಯ ಜಾಗ ಇನ್ನಷ್ಟು ಹೆಚ್ಚಿತು. ಆ ಗಾಯ ತಾನಾಗಿ ಮಾಯುವಾಗ ಜೀವಕೋಶಗಳು ಅಂಚುಗಳನ್ನು ಒಳಕ್ಕೆ ಜಗ್ಗುತ್ತವೆ. ಕಲೆಯ ನಾರುಗಳು ಮೂಳೆಗೂ ಹಲ್ಲಿನ ಬುಡಕ್ಕೂ ನಾಟಿಕೊಳ್ಳುತ್ತವೆ. ಬೆಳೆಯುವ ದವಡೆಗೆ ಅದೊಂದು ಬಿಗಿದ ಹಗ್ಗ. ಅಯೋವಾದಲ್ಲಿ ಕ್ರೆಮೆನಾಕ್ ಮತ್ತು ಜೊತೆಗಾರರು ಬೀಗಲ್ ನಾಯಿಮರಿಗಳ ಅಂಗುಳದ ಪೊರೆ ತೆಗೆದಾಗಲೂ ದವಡೆ ಕಿರಿದಾಯಿತು. ಆ ಮರಿಗಳಿಗೆ ಸೀಳೇ ಇರಲಿಲ್ಲ!

ಹಾಗಾದರೆ ಮುಂದೂಡೋಣ ಎಂದು ಜರ್ಮನಿಯ ಶ್ವೆಕೆಂಡೀಕ್ ಹಿಂಭಾಗದ ಮೃದು ಅಂಗುಳವನ್ನಷ್ಟೇ ಬೇಗ ಹೊಲಿದು, ಮುಂಭಾಗದ ಮೂಳೆಯಿರುವ ಗಟ್ಟಿ ಅಂಗುಳವನ್ನು ವರ್ಷಗಟ್ಟಲೆ ಬಿಟ್ಟರು. ದವಡೆ ಚೆನ್ನಾಗಿ ಬೆಳೆಯಿತು, ಮಾತು ಕೆಟ್ಟಿತು. ಈ ಜಗ್ಗಾಟ ಇಂದಿಗೂ ಪೂರ್ತಿ ಮುಗಿದಿಲ್ಲ.

ಪ್ರಯೋಗಾಲಯದಲ್ಲಿ ಬೆಳೆಸಿದ ಪೊರೆ ಬಂದದ್ದು ಇಲ್ಲಿಗೆ, ಬರೀ ಮೂಳೆ ಮುಚ್ಚುವುದಕ್ಕೆ. 1975ರಲ್ಲಿ ರೈನ್‌ವಾಲ್ಡ್ ಮತ್ತು ಗ್ರೀನ್ ಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವ ದಾರಿ ತೋರಿಸಿದ್ದರು. ಮಿಷಿಗನ್‌ನಲ್ಲಿ ಫೈನ್‌ಬರ್ಗ್ ಮತ್ತು ಇಝುಮಿ ರೋಗಿಯದೇ ಬಾಯಿಯ ಕೋಶಗಳನ್ನು, ಕೋಶ ತೆಗೆದ ದಾನಚರ್ಮದ ಮೇಲೆ ಬೆಳೆಸಿ ವಯಸ್ಕರ ಬಾಯಿಗೆ ಕಸಿ ಮಾಡಿದರು. ಸ್ಪೇನಿನ ಗ್ರನಾಡದ ತಂಡ ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ನಾರು ಮತ್ತು ಕಡಲಪಾಚಿಯಿಂದ ಬರುವ ಅಗರೋಸ್ ಅಂಟು ಸೇರಿಸಿ ಪೊರೆ ಮಾಡಿತು. ಅಂಗುಳದ ಪೊರೆ ತೆಗೆದ ಮೊಲಗಳಿಗೆ ಅದನ್ನು ಹಾಕಿದಾಗ ಮೂಳೆಯ ವಿಕಾರ ಕಡಿಮೆಯಾಯಿತು. ಮಕ್ಕಳಲ್ಲಿ ಪರೀಕ್ಷಿಸುವುದಕ್ಕೂ ಅವರು ಕೈಹಾಕಿದ್ದಾರೆ. ತುಟಿ ಮೊದಲು ಹೊಲಿದು ಅಂಗುಳಕ್ಕೆ ಕೆಲವು ತಿಂಗಳು ಕಾಯುವ ಮಕ್ಕಳಲ್ಲಿ, ಕೋಶ ಬೆಳೆಸಲು ಸಮಯ ತಾನಾಗಿಯೇ ಸಿಗುತ್ತದೆ.

ಮೊಲದ ದವಡೆ ತಿಂಗಳುಗಳಲ್ಲಿ ಬೆಳೆದು ನಿಲ್ಲುತ್ತದೆ. ಮಗುವಿನದನ್ನು ಅಳೆಯಲು ಹದಿನೈದು ವರ್ಷವಾದರೂ ಬೇಕು. ನನ್ನ ಮಟ್ಟಿಗೆ ನಿಜವಾದ ಪೈಪೋಟಿ ಬೇರೆ ಕಡೆ ಇದೆ: ಈಗಾಗಲೇ ಅನೇಕ ಶಸ್ತ್ರವೈದ್ಯರು ಅದೇ ಮಗುವಿನ ಕೆನ್ನೆಯೊಳಗಿನ ಸಹಜ ಕೊಬ್ಬಿನ ಮುದ್ದೆಯನ್ನು ಎಳೆದು ಆ ಜಾಗ ಮುಚ್ಚುತ್ತಾರೆ. ಅದಕ್ಕೆ ಪ್ರಯೋಗಾಲಯವೂ ಬೇಡ, ಕೋಶ ತೆಗೆಯಲು ಬೇರೊಂದು ದಿನವೂ ಬೇಡ.