ಹಾಜಿ ಅಲಿಗೆ ಯಾವ ಹೊತ್ತಿಗೆ ಹೋಗಬೇಕು?

ಪ್ರಶ್ನೆ: ಮನೆಮಂದಿಯೆಲ್ಲ ಮುಂಬೈಗೆ ಹೊರಟಿದ್ದೇವೆ. ಹಾಜಿ ಅಲಿ ದರ್ಗಾ ನೋಡುವ ಆಸೆಯಿದೆ. ಸಮುದ್ರ ಏರಿದರೆ ದಾರಿಯೇ ಮುಳುಗುತ್ತದೆ ಎನ್ನುತ್ತಾರೆ. ಯಾವ ಹೊತ್ತಿಗೆ ಹೋಗುವುದು ಒಳ್ಳೆಯದು? ಹೆಂಗಸರನ್ನು ಒಳಗೆ ಬಿಡುತ್ತಾರೆಯೇ?

ಉತ್ತರ: ಮೊದಲು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ತಿಥಿ ನೋಡಿ, ಆಮೇಲೆ ಗಡಿಯಾರ. ‘ಬೆಳಿಗ್ಗೆ ಹೋಗಿ’, ‘ಸಂಜೆ ಹೋಗಿ’ ಎಂದು ಕಣ್ಣುಮುಚ್ಚಿ ಹೇಳುವವರ ಸಲಹೆ ಇಲ್ಲಿ ನಡೆಯುವುದಿಲ್ಲ. ಈ ವಾರ ಒಣಗಿದ್ದ ದಾರಿ ಮುಂದಿನ ವಾರ ಅದೇ ಹೊತ್ತಿಗೆ ನೀರಿನಡಿ ಇರಬಹುದು.

ದರ್ಗಾ ಇರುವುದು ವರ್ಲಿ ಕೊಲ್ಲಿಯಲ್ಲಿ, ದಡದಿಂದ ಸುಮಾರು ಅರ್ಧ ಕಿಲೋಮೀಟರ್ ದೂರದ ಬಂಡೆಯ ನಡುಗಡ್ಡೆಯ ಮೇಲೆ. ಅಲ್ಲಿಗೆ ಒಂದೇ ಕಿರಿದಾದ ಕಟ್ಟೆದಾರಿ, ಅದರ ಅಂಚಿಗೆ ಕಂಬಿಯಿಲ್ಲ. ಮುಂಬೈ ಕಡಲಿನಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ. ಚಂದ್ರ ದಿನವೂ ತಡವಾಗಿ ಹುಟ್ಟುವುದರಿಂದ ಉಬ್ಬರವೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ.

ಇದಕ್ಕೆ ಕೊಂಕಣ ಕರಾವಳಿಯಲ್ಲಿ ಒಂದು ಬಾಯಿಲೆಕ್ಕವಿದೆ: ತಿಥಿಯ ಮುಕ್ಕಾಲೇ ಉಬ್ಬರದ ಗಂಟೆ. ಚೌತಿಯಾದರೆ ನಾಲ್ಕರ ಮುಕ್ಕಾಲು ಮೂರು. ಹಗಲು ಮೂರಕ್ಕೂ ರಾತ್ರಿ ಮೂರಕ್ಕೂ ಸಮುದ್ರ ತುಂಬಿರುತ್ತದೆ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಇಳಿದಿರುತ್ತದೆ. ಅಷ್ಟಮಿಗೆ ಉಬ್ಬರ ಆರಕ್ಕೆ, ಇಳಿತ ನಡುಹಗಲಿಗೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ನಡುಹಗಲಿನ ಆಸುಪಾಸು ಉಬ್ಬರ, ಹಾಗಾಗಿ ಆ ದಿನಗಳಲ್ಲಿ ಸಂಜೆ ಹೋಗುವುದೇ ಸರಿ. ಆಗ ಸೂರ್ಯ ಚಂದ್ರರ ಸೆಳೆತ ಒಂದಾಗುವುದರಿಂದ ನೀರು ಏರುವುದೂ ಹೆಚ್ಚು, ಇಳಿಯುವುದೂ ಹೆಚ್ಚು. ಪಂಚಾಂಗದ ಈ ಉಪಯೋಗ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ! ಆದರೂ ಇದು ಅಂದಾಜು. ಹೊರಡುವ ದಿನ ಮೊಬೈಲಿನಲ್ಲಿ ಮುಂಬೈನ ಉಬ್ಬರದ ವೇಳಾಪಟ್ಟಿ ನೋಡಿ, ಇಳಿತಕ್ಕೆ ಒಂದು ಗಂಟೆ ಮೊದಲೇ ದಡದಲ್ಲಿರಿ. ಹಿಂತಿರುಗಲು ಸಮಯ ಸಿಗುತ್ತದೆ. ಮಳೆಗಾಲದಲ್ಲಿ 4.5 ಮೀಟರ್ ದಾಟುವ ಉಬ್ಬರದ ದಿನಗಳನ್ನು ಮಹಾನಗರಪಾಲಿಕೆ ಮೊದಲೇ ಪ್ರಕಟಿಸುತ್ತದೆ. ಅಂಥ ದಿನ ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ದಾರಿಯುದ್ದಕ್ಕೂ ಹೂವು, ಚಾದರ, ಅತ್ತರು ಮಾರುವವರು, ಕೈಚಾಚುವವರು. ದಾನ ಮಾಡುವವರಿಗಾಗಿ ನೋಟಿಗೆ ನಾಣ್ಯ ಕೊಡುವ ಚಿಲ್ಲರೆ ವ್ಯಾಪಾರಿಗಳೂ ಕೂತಿರುತ್ತಾರೆ. ಒಳಗೆ ಬುಖಾರಾದಿಂದ ಬಂದ ಪೀರ್ ಹಾಜಿ ಅಲಿ ಶಾ ಬುಖಾರಿಯವರ ಗೋರಿ. ದರ್ಗಾ 1431ರದ್ದೆಂದು ಹೇಳುತ್ತಾರೆ. ಎಣ್ಣೆ ಚೆಲ್ಲಿಕೊಂಡು ಅಳುತ್ತಿದ್ದ ಬಡ ಹೆಂಗಸಿಗಾಗಿ ಪೀರರು ಹೆಬ್ಬೆರಳಿನಿಂದ ನೆಲವನ್ನು ಚುಚ್ಚಿದರಂತೆ, ಎಣ್ಣೆ ಚಿಮ್ಮಿತಂತೆ. ನೆಲವನ್ನು ನೋಯಿಸಿದೆನಲ್ಲ ಎಂದು ಕೊರಗಿದ ಅವರು, ತಮ್ಮ ಶವಪೆಟ್ಟಿಗೆಯನ್ನು ಕಡಲಿಗೆ ಬಿಡಲು ಹೇಳಿದರಂತೆ. ಅದು ತೇಲಿ ಬಂದು ತಂಗಿದ್ದು ಈ ಬಂಡೆಯಲ್ಲಿ ಎನ್ನುತ್ತದೆ ಐತಿಹ್ಯ. ಪವಾಡ ತೋರಿದವರೇ ಅದಕ್ಕಾಗಿ ಪಶ್ಚಾತ್ತಾಪಪಟ್ಟ ಕಥೆ ನನಗೆ ಇದರಲ್ಲೇ ಸಿಕ್ಕಿದ್ದು. ಮಕ್ರಾನಾದ ಅಮೃತಶಿಲೆಯನ್ನೂ ಕಂಬಗಳ ಮೇಲೆ ಕನ್ನಡಿ ಚೂರುಗಳಲ್ಲಿ ಮೂಡಿಸಿದ ಅಲ್ಲಾಹನ 99 ಹೆಸರುಗಳನ್ನೂ ನಿಂತು ನೋಡಿ.

ಹೆಂಗಸರ ವಿಷಯ. ಗೋರಿಯಿರುವ ಒಳಕೋಣೆಗೆ ಕೆಲವು ವರ್ಷ ಅವರಿಗೆ ಪ್ರವೇಶವಿರಲಿಲ್ಲ. ಭಾರತೀಯ ಮುಸ್ಲಿಂ ಮಹಿಳಾ ಆಂದೋಲನದವರು ನ್ಯಾಯಾಲಯಕ್ಕೆ ಹೋದರು. 2016ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ತೆಗೆದುಹಾಕಿತು. ಟ್ರಸ್ಟ್ ಸುಪ್ರೀಂ ಕೋರ್ಟಿನಲ್ಲಿ ಒಪ್ಪಿಕೊಂಡ ಮೇಲೆ ಅದೇ ನವೆಂಬರ್‌ನಲ್ಲಿ ಮಹಿಳೆಯರು ಮತ್ತೆ ಒಳಹೋದರು.

ಯಾವ ಧರ್ಮದವರೂ ಹೋಗಬಹುದು, ಶುಲ್ಕವಿಲ್ಲ. ತಲೆಗೆ ವಸ್ತ್ರವಿರಲಿ, ಮೈತುಂಬ ಬಟ್ಟೆಯಿರಲಿ. ಹತ್ತಿರದ ರೈಲು ನಿಲ್ದಾಣ ಮಹಾಲಕ್ಷ್ಮಿ, ಅಲ್ಲಿಂದ ಟ್ಯಾಕ್ಸಿ ಸಿಗುತ್ತದೆ. ಗುರುವಾರ, ಶುಕ್ರವಾರ ವಿಪರೀತ ಜನ. ಕವ್ವಾಲಿ ಕೇಳಬೇಕೆಂದಿದ್ದರೆ ಶುಕ್ರವಾರದ ನೂಕುನುಗ್ಗಲನ್ನು ಸಹಿಸಿಕೊಳ್ಳಿ, ಇಲ್ಲವಾದರೆ ಬೇರೆ ದಿನ ನೋಡಿಕೊಳ್ಳಿ.