ಟಿಬಿ ಚಿಕಿತ್ಸೆ ನಡೆಯುತ್ತಿರುವಾಗ ಎದೆಯ ಎಕ್ಸ್‌-ರೇ ಓದುವುದು: ಅಧ್ಯಯನ ಟಿಪ್ಪಣಿ

ಕ್ಷಯಕ್ಕೆ ಔಷಧದಿಂದ ಪ್ರಯೋಜನವಿದೆ ಎಂದು ಗಟ್ಟಿಯಾಗಿ ತೋರಿಸಿಕೊಟ್ಟ ಮೊದಲ ದೊಡ್ಡ ಪ್ರಯೋಗದ ಮುಖ್ಯ ಸಾಕ್ಷಿಯೇ ಎಕ್ಸ್‌-ರೇ. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1948ರಲ್ಲಿ ಅದನ್ನು ಪ್ರಕಟಿಸಿತು. ರೋಗಿಗಳು ಒಟ್ಟು 107. ಅವರಲ್ಲಿ 55 ಮಂದಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ಹಾಸಿಗೆಯ ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಯಾರು ಯಾವ ಗುಂಪಿನವರೆಂದು ತಿಳಿಯದ ಓದುಗರು ಫಿಲ್ಮುಗಳನ್ನು ನೋಡಿದರು. ಆರು ತಿಂಗಳಾದಾಗ ಔಷಧ ಪಡೆದ 28 ಮಂದಿಯ ಎಕ್ಸ್‌-ರೇ ಗಣನೀಯವಾಗಿ ಸುಧಾರಿಸಿತ್ತು. ಇನ್ನೊಂದು ಗುಂಪಿನಲ್ಲಿ ಹಾಗೆ ಸುಧಾರಿಸಿದವರು ನಾಲ್ವರೇ. ಸಾವುಗಳು ಕ್ರಮವಾಗಿ 4 ಮತ್ತು 14.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಅದೇ ರೋಗಿಗಳನ್ನು ಐದು ವರ್ಷ ಗಮನಿಸಿದಾಗ ಔಷಧದ ಗುಂಪಿನಲ್ಲಿ 32 ಮಂದಿ, ವಿಶ್ರಾಂತಿಯ ಗುಂಪಿನಲ್ಲಿ 35 ಮಂದಿ ತೀರಿಕೊಂಡಿದ್ದರು. ಅಂತರ ಬಹುತೇಕ ಕರಗಿಹೋಗಿತ್ತು. ಒಂದೇ ಔಷಧ ಕೊಟ್ಟಿದ್ದರಿಂದ ಅದಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆದುಕೊಂಡಿದ್ದವು. ಫಿಲ್ಮು ಸುಳ್ಳು ಹೇಳಿರಲಿಲ್ಲ, ಆದರೆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ತಲೆ ಎತ್ತುತ್ತಿವೆ ಎಂಬುದನ್ನು ತಿಳಿಸುವ ಶಕ್ತಿಯೇ ಅದಕ್ಕಿರಲಿಲ್ಲ. ಇಡೀ ವಿಷಯದಲ್ಲಿ ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು ಇದನ್ನೇ.

ನೆರಳು ಯಾತರದು?

ಎಕ್ಸ್‌-ರೇಯಲ್ಲಿ ಬಿಳಿಯಾಗಿ ಕಾಣುವುದು ಬ್ಯಾಕ್ಟೀರಿಯಾ ಅಲ್ಲ. ಅದು ಉರಿಯೂತದ ಕೋಶಗಳು, ಸತ್ತು ಗಿಣ್ಣಿನಂತಾದ ಅಂಗಾಂಶ, ದ್ರವ, ನಾರು: ಸೋಂಕಿಗೆ ದೇಹ ಕೊಟ್ಟ ಉತ್ತರ. ಐಸೋನಿಯಜಿಡ್ ಶುರುವಾದ ಕೆಲವೇ ದಿನಗಳಲ್ಲಿ, ವೇಗವಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಸಾಯುತ್ತವೆ. ಆದರೆ ನೆರಳು ಕರಗಲು ತಿಂಗಳುಗಳು ಬೇಕು. ಹೀಗಾಗಿ ಸೋಂಕು ಹೋಗಿಯೂ ನೆರಳು ಉಳಿಯಬಹುದು. ನೆರಳು ಕುಗ್ಗುತ್ತಿರುವಾಗಲೇ ಔಷಧ ನಿರೋಧಕ ಬ್ಯಾಕ್ಟೀರಿಯಾ ಹೆಚ್ಚುತ್ತಿರಬಹುದು.

ಅದಕ್ಕೇ ಶ್ವಾಸಕೋಶದ ಟಿಬಿಯಲ್ಲಿ ಚಿಕಿತ್ಸೆಯ ನಿಗಾಕ್ಕೆ ಮುಖ್ಯ ಆಧಾರ ಕಫ ಪರೀಕ್ಷೆ. ಔಷಧಕ್ಕೆ ಬಗ್ಗುವ ಟಿಬಿಯ ರೂಢಿಯ ಚಿಕಿತ್ಸೆ ಆರು ತಿಂಗಳದ್ದು: ಮೊದಲ ಎರಡು ತಿಂಗಳು ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್, ಮುಂದಿನ ನಾಲ್ಕು ತಿಂಗಳು ಮುಖ್ಯವಾಗಿ ಮೊದಲ ಎರಡು. ಎರಡನೇ ತಿಂಗಳ ಕೊನೆಯ ಕಫ ಏನು ಹೇಳುತ್ತದೆ ಎಂಬುದೇ ದೊಡ್ಡ ತಿರುವು. ಇಲ್ಲಿ ಸ್ಮಿಯರ್ (ಕಫವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮತ್ತು ಕಲ್ಚರ್ (ಕಫದಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವುದು) ಬೇಕು. ಜೀನ್‌ಎಕ್ಸ್‌ಪರ್ಟ್ ಎಂಬ ಡಿಎನ್‌ಎ ಪರೀಕ್ಷೆ ರೋಗ ಪತ್ತೆಗೆ ಎಷ್ಟೇ ಒಳ್ಳೆಯದಾದರೂ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುವುದರಿಂದ ನಿಗಾಕ್ಕೆ ಒಗ್ಗುವುದಿಲ್ಲ. ಪರೀಕ್ಷೆಯಲ್ಲಿ ಮೆಚ್ಚಿನ ಪ್ರಶ್ನೆ ಇದು.

ಹಾಗಾದರೆ ಎಕ್ಸ್‌-ರೇ ಯಾಕೆ ಬೇಕು?

ಮೊದಲನೆಯದಾಗಿ, ಚಿಕಿತ್ಸೆಗೆ ಮುಂಚಿನ ಫಿಲ್ಮು ಮುಂದೇನಾಗಬಹುದು ಎಂಬ ಸುಳಿವು ಕೊಡುತ್ತದೆ. ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ‘ಸ್ಟಡಿ 22’ರ ಫಲಿತಾಂಶ 2002ರಲ್ಲಿ ಬಂತು. ಅದರಲ್ಲಿ ರಿಫಾಂಪಿಸಿನ್ ಗುಂಪನ್ನು ನೋಡಿ: ಆರಂಭದ ಎಕ್ಸ್‌-ರೇಯಲ್ಲಿ ಕ್ಯಾವಿಟಿ (ರೋಗದಿಂದ ಶ್ವಾಸಕೋಶದಲ್ಲಾದ ಟೊಳ್ಳು) ಇದ್ದು, ಎರಡನೇ ತಿಂಗಳಲ್ಲೂ ಕಲ್ಚರ್ ಪಾಸಿಟಿವ್ ಆದವರಲ್ಲಿ ಸುಮಾರು ಶೇ 21 ಮಂದಿಗೆ ರೋಗ ಮರುಕಳಿಸಿತು. ಎರಡೂ ಇಲ್ಲದವರಲ್ಲಿ ಅದು ಸುಮಾರು ಶೇ 2. ಕ್ಯಾವಿಟಿಯೊಳಗೆ ಗಾಳಿಯಾಡುತ್ತದೆ, ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಔಷಧ ಸರಿಯಾಗಿ ಇಳಿಯುವುದಿಲ್ಲ. ಈ ಅಂತರಕ್ಕೆ ಕಾರಣ ಅಲ್ಲೇ ಇದೆ. ಅಮೆರಿಕದ 2016ರ ಮಾರ್ಗಸೂಚಿ ಎರಡೂ ಇರುವವರಿಗೆ ಚಿಕಿತ್ಸೆಯನ್ನು ಒಟ್ಟು ಒಂಬತ್ತು ತಿಂಗಳಿಗೆ ವಿಸ್ತರಿಸಲು ಹೇಳುತ್ತದೆ. ಗಮನಿಸಿ, ಇಲ್ಲಿ ಫಿಲ್ಮು ಒಂಟಿಯಾಗಿ ನಿರ್ಧಾರ ಮಾಡುತ್ತಿಲ್ಲ, ಕಲ್ಚರ್ ಜೊತೆಗಿದೆ.

ಎರಡನೆಯದು, ಕಫವೇ ಉತ್ತರ ಕೊಡದ ರೋಗಿಗಳು. ಕಲ್ಚರ್ ನೆಗೆಟಿವ್, ಆದರೂ ಟಿಬಿ ಎಂದು ಚಿಕಿತ್ಸೆ ಶುರು ಮಾಡಿದ್ದೇವೆ ಎನ್ನಿ. ಇವರಿಗೆ ಎರಡನೇ ತಿಂಗಳ ಎಕ್ಸ್‌-ರೇ ನಿಜವಾಗಿಯೂ ಬೇಕು. ಲಕ್ಷಣಗಳೂ ಫಿಲ್ಮೂ ಸುಧಾರಿಸಿದ್ದರೆ ಅಂದಾಜಿಗೆ ಬಲ ಬಂತು. ಏನೂ ಬದಲಾಗದಿದ್ದರೆ ಹಳೆಯ ಕಲೆಯೇ, ಕ್ಯಾನ್ಸರೇ, ಶಿಲೀಂಧ್ರವೇ, ಟಿಬಿಯದಲ್ಲದ ಮೈಕೋಬ್ಯಾಕ್ಟೀರಿಯಾವೇ ಎಂದು ಮತ್ತೆ ಮೊದಲಿಂದ ಯೋಚಿಸಬೇಕು.

ಮಕ್ಕಳಲ್ಲಿ ಎಕ್ಸ್‌-ರೇಯ ಮಾತಿಗೆ ಇನ್ನೂ ತೂಕ. 2022ರಲ್ಲಿ ಪ್ರಕಟವಾದ ಶೈನ್ ಪ್ರಯೋಗದ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 3 ತಿಂಗಳಿಂದ 16 ವರ್ಷದೊಳಗಿನವರ ತೀವ್ರವಲ್ಲದ ಟಿಬಿಗೆ ನಾಲ್ಕು ತಿಂಗಳ ಚಿಕಿತ್ಸೆಯನ್ನು ಒಪ್ಪಿತು. ತೀವ್ರವೋ ಅಲ್ಲವೋ ಎಂಬುದನ್ನು ಬಹುಮಟ್ಟಿಗೆ ಫಿಲ್ಮಿನಿಂದಲೇ ಅಳೆಯುತ್ತಾರೆ: ಕ್ಯಾವಿಟಿ ಇಲ್ಲ, ಶ್ವಾಸಕೋಶದ ಒಂದು ಹಾಲೆಯನ್ನು (ಭಾಗವನ್ನು) ಮೀರಿಲ್ಲ, ಮಿಲಿಯರಿ (ಕಾಳಿನಂಥ ಸಣ್ಣ ಚುಕ್ಕೆಗಳು ಎಲ್ಲೆಡೆ ಹರಡಿದ್ದು) ಅಲ್ಲ, ಶ್ವಾಸನಾಳ ಅದುಮಿಹೋಗಿಲ್ಲ. ಇನ್ನೊಂದು ಮಾತು: ಮಕ್ಕಳ ಎದೆಯ ದುಗ್ಧಗ್ರಂಥಿಗಳು ಚಿಕಿತ್ಸೆ ಮುಗಿದ ಮೇಲೂ ಊದಿಕೊಂಡೇ ಇರಬಹುದು. ಮಗು ತೂಕ ಹೆಚ್ಚಿಸಿಕೊಂಡು ಆಡಿಕೊಂಡಿದ್ದರೆ ಗ್ರಂಥಿ ಕಾಣುತ್ತಿದೆ ಎಂಬ ಒಂದೇ ಕಾರಣಕ್ಕೆ ಔಷಧ ಎಳೆಯುವುದಿಲ್ಲ.

ಫಿಲ್ಮು ಕೆಟ್ಟಂತೆ ಕಂಡಾಗ

ನಾವು ಹೆಚ್ಚು ಎಡವುವುದು ಇಲ್ಲಿ. ಮೊದಲ ವಾರಗಳಲ್ಲಿ, ಕೆಲವೊಮ್ಮೆ ಎರಡು ಮೂರು ತಿಂಗಳವರೆಗೂ, ಚಿಕಿತ್ಸೆ ಸರಿಯಾಗಿ ನಡೆಯುತ್ತಿದ್ದರೂ ನೆರಳು ಹೆಚ್ಚಬಹುದು, ಪ್ಲೂರಾದಲ್ಲಿ (ಶ್ವಾಸಕೋಶದ ಹೊದಿಕೆಯಲ್ಲಿ) ಹೊಸದಾಗಿ ನೀರು ತುಂಬಬಹುದು, ಗ್ರಂಥಿ ಊದಬಹುದು. ಇದೇ ಪ್ಯಾರಡಾಕ್ಸಿಕಲ್ ರಿಯಾಕ್ಷನ್. ಸತ್ತ ಬ್ಯಾಕ್ಟೀರಿಯಾದ ಚೂರುಗಳಿಗೆ, ಚೇತರಿಸಿಕೊಳ್ಳುತ್ತಿರುವ ರೋಗನಿರೋಧಕ ಶಕ್ತಿ ಜೋರಾಗಿ ಪ್ರತಿಕ್ರಿಯಿಸುವುದರ ಫಲ. ಎಚ್‌ಐವಿ ಇರುವವರಲ್ಲಿ ಎಆರ್‌ಟಿ (ಎಚ್‌ಐವಿ ತಡೆಯುವ ಔಷಧ) ಶುರು ಮಾಡಿದ ಮೊದಲ ಮೂರು ತಿಂಗಳಲ್ಲಿ ಇದು ಹೆಚ್ಚು. ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ತೀರಾ ಕಡಿಮೆ ಇದ್ದವರಲ್ಲಿ ಇನ್ನೂ ಹೆಚ್ಚು.

ಆದರೆ ಈ ಹೆಸರನ್ನು ಬಾಯಿಗೆ ಬಂದ ಕೂಡಲೇ ಬರೆದುಬಿಡಬಾರದು. ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕಬೇಕು. ರೋಗಿ ಮಾತ್ರೆ ನುಂಗುತ್ತಿದ್ದಾರೆಯೇ? ನುಂಗಿದ್ದು ರಕ್ತಕ್ಕೆ ಸೇರುತ್ತಿದೆಯೇ? ಔಷಧ ನಿರೋಧಕ ಟಿಬಿಯೇ? ಮೇಲೊಂದು ನ್ಯೂಮೋನಿಯಾ ಬಂದಿದೆಯೇ? ಕಫ ಕಲ್ಚರ್‌ಗೆ ಹೋಗಲಿ, ನಿರೋಧಕ ಪರೀಕ್ಷೆ ಆಗಲಿ. ಜ್ವರ ಇಳಿದು, ಹಸಿವು ಮರಳಿ, ಕಫ ನೆಗೆಟಿವ್ ಆಗುತ್ತಿರುವ ವ್ಯಕ್ತಿಯ ಫಿಲ್ಮು ಮಾತ್ರ ಕೆಟ್ಟಿದ್ದರೆ ರೋಗಿಯನ್ನು ನಂಬಿ, ಫಿಲ್ಮನ್ನಲ್ಲ. ಖಚಿತವಾದ ಮೇಲೆ ಟಿಬಿ ಔಷಧ ನಿಲ್ಲಿಸುವುದಿಲ್ಲ. ತೀವ್ರವಾಗಿದ್ದರೆ ಸ್ಟಿರಾಯ್ಡ್ ಸೇರಿಸುವುದುಂಟು.

ವಾಸಿಯಾಗುವುದೇ ಕೆಟ್ಟಂತೆ ಕಾಣುವ ಸಂದರ್ಭಗಳೂ ಇವೆ. ಗಟ್ಟಿಯಾಗಿದ್ದ ಭಾಗ ಕರಗಿ ಹೊರಬಿದ್ದು ಹೊಸ ಕ್ಯಾವಿಟಿ ತೋರಬಹುದು. ಮೇಲಿನ ಹಾಲೆ ನಾರುಗಟ್ಟಿ ಮುದುಡಿದಾಗ ನೆರಳು ಇನ್ನೂ ದಟ್ಟವಾಗಿ ಕಾಣುತ್ತದೆ. ಆಗ ಅಕ್ಕಪಕ್ಕ ನೋಡಿ: ಹೈಲಮ್ (ಶ್ವಾಸಕೋಶಕ್ಕೆ ರಕ್ತನಾಳ, ಶ್ವಾಸನಾಳ ಸೇರುವ ಜಾಗ) ಮೇಲಕ್ಕೆ ಸರಿದಿದೆಯೇ, ಶ್ವಾಸನಾಳ ಆ ಕಡೆಗೆ ವಾಲಿದೆಯೇ? ಎಳೆತದ ಗುರುತುಗಳಿದ್ದು ಅಂಚುಗಳು ಚೂಪಾಗಿದ್ದರೆ ಅದು ಗಾಯ ಮಾಗುತ್ತಿರುವ ಲಕ್ಷಣ. ಮೋಡದಂತೆ ಅಂಚು ಮಸುಕಾದ, ಹಿಂದಿಲ್ಲದ ಜಾಗದಲ್ಲಿ ಮೂಡಿದ ನೆರಳಿಗೆ ಎಚ್ಚರ.

ಎರಡು ಫಿಲ್ಮುಗಳನ್ನು ಹೋಲಿಸುವುದು

ಹಳೆಯ ರಿಪೋರ್ಟಿನ ಜೊತೆ ಹೋಲಿಸಬೇಡಿ, ಹಳೆಯ ಫಿಲ್ಮನ್ನೇ ತರಿಸಿ. ಒಂದನ್ನು ನಿಲ್ಲಿಸಿ ಹಿಂಬದಿಯಿಂದ, ಇನ್ನೊಂದನ್ನು ಮಲಗಿಸಿ ಮುಂಬದಿಯಿಂದ ತೆಗೆದಿದ್ದರೆ, ಅಥವಾ ಒಂದರಲ್ಲಿ ಉಸಿರು ಪೂರ್ತಿ ಎಳೆದುಕೊಂಡಿರದಿದ್ದರೆ, ಆ ಹೋಲಿಕೆಗೆ ಅರ್ಥವಿಲ್ಲ. ಎಲ್ಲ ಸರಿಯಿದ್ದರೂ ಕಣ್ಣು ಕೈಕೊಡುತ್ತದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದಲ್ಲಿ ಯೆರುಶಲ್ಮಿ, ಗಾರ್ಲಂಡ್ ಮುಂತಾದವರು ಇದನ್ನು ಅಳೆದಿದ್ದರು. ರೋಗ ಹೆಚ್ಚಿದೆಯೋ ತಗ್ಗಿದೆಯೋ ಎಂದು ಜೋಡಿ ಫಿಲ್ಮು ನೋಡಿ ಹೇಳುವಾಗ ಇಬ್ಬರು ವೈದ್ಯರು ಸುಮಾರು ಮೂರರಲ್ಲಿ ಒಂದು ಸಲ ಭಿನ್ನ ಉತ್ತರ ಕೊಡುತ್ತಿದ್ದರು. ಅದೇ ವೈದ್ಯರು ಮತ್ತೊಮ್ಮೆ ನೋಡಿ ತಮ್ಮ ಉತ್ತರವನ್ನೇ ಸುಮಾರು ಐದರಲ್ಲಿ ಒಂದು ಸಲ ಬದಲಿಸುತ್ತಿದ್ದರು.

ಈ ಗೊಂದಲ ತಗ್ಗಿಸಲು ಅಂಕ ಪದ್ಧತಿಗಳು ಬಂದವು. ಸುಲಭವಾದದ್ದು ಇಂಡೋನೇಷ್ಯಾದ ಪಾಪುವಾದಲ್ಲಿರುವ ತಿಮಿಕಾದ ಹೆಸರಿನದು, 2010ರಲ್ಲಿ ಪ್ರಕಟವಾದದ್ದು. ಶ್ವಾಸಕೋಶದ ಶೇಕಡ ಎಷ್ಟು ಭಾಗ ರೋಗಪೀಡಿತ ಎಂದು ಅಂದಾಜಿಸಿ, ಕ್ಯಾವಿಟಿ ಇದ್ದರೆ 40 ಸೇರಿಸಿ. ಶೇ 35 ಭಾಗ ಮತ್ತು ಒಂದು ಕ್ಯಾವಿಟಿ ಎಂದರೆ 75. ಎರಡು ತಿಂಗಳ ಬಳಿಕ ಭಾಗ 20ಕ್ಕೆ ಇಳಿದು ಕ್ಯಾವಿಟಿ ಉಳಿದಿದ್ದರೆ 60. ಅದೂ ಮುಚ್ಚಿಕೊಂಡಿದ್ದರೆ ಒಮ್ಮೆಲೇ 20. ಸಣ್ಣ ಕ್ಯಾವಿಟಿ ಇದೆಯೇ ಇಲ್ಲವೇ ಎಂಬ ಒಂದು ಅನುಮಾನ 40 ಅಂಕ ಅಲುಗಾಡಿಸುತ್ತದೆ ಎಂಬುದನ್ನು ಮರೆಯಬೇಡಿ. ಕಂಪ್ಯೂಟರ್ ಓದುವ ತಂತ್ರಾಂಶಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಪ್ಪಿದ್ದು 15 ವರ್ಷ ಮೇಲ್ಪಟ್ಟವರಲ್ಲಿ ರೋಗವನ್ನು ಜಾಲಾಡಿ ಹುಡುಕಲು, ಚಿಕಿತ್ಸೆಯ ನಿಗಾಕ್ಕಲ್ಲ.

ಸಿಟಿ ಮತ್ತು ಪೆಟ್

ಸಿಟಿ ಸ್ಕ್ಯಾನಿನಲ್ಲಿ ಎಕ್ಸ್‌-ರೇಗೆ ಕಾಣದ ಸಣ್ಣ ಕ್ಯಾವಿಟಿ, ಚಿಗುರೊಡೆದ ರೆಂಬೆಯಂಥ ಗಂಟುಗಳು ಚೆನ್ನಾಗಿ ಕಾಣುತ್ತವೆ. ಆದರೆ ಎದೆಯ ಎಕ್ಸ್‌-ರೇಯ ವಿಕಿರಣ ಸುಮಾರು 0.1 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆ. ಸಾಮಾನ್ಯ ಸಿಟಿಯದು ಅದರ ಹತ್ತಾರು ಪಟ್ಟು. ಪ್ರಶ್ನೆ ಸ್ಪಷ್ಟವಿದ್ದಾಗ ಮಾತ್ರ ಮಾಡಿಸಿ: ಕ್ಯಾನ್ಸರ್ ಅನುಮಾನ, ರಕ್ತ ಕೆಮ್ಮುವುದು, ಶಸ್ತ್ರಚಿಕಿತ್ಸೆಯ ಯೋಚನೆ, ವಿವರಣೆಗೆ ಸಿಗದ ಹದಗೆಡುವಿಕೆ.

ಅಂಗಾಂಶದ ಚಟುವಟಿಕೆಯನ್ನೂ ತೋರಿಸುವ ಪೆಟ್-ಸಿಟಿ ಸದ್ಯಕ್ಕೆ ಸಂಶೋಧನೆಯ ಸಾಧನ. ದಕ್ಷಿಣ ಆಫ್ರಿಕಾದ 99 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಫದ ಲೆಕ್ಕದಲ್ಲಿ ಗುಣವಾಗಿ ಆರು ತಿಂಗಳ ಚಿಕಿತ್ಸೆ ಮುಗಿಸಿದವರಲ್ಲೂ ಅನೇಕರ ಶ್ವಾಸಕೋಶದಲ್ಲಿ ಉರಿಯೂತದ ಗುರುತು ಉಳಿದಿತ್ತು, ಕೆಲವರಲ್ಲಿ ಹೊಸದಾಗಿಯೂ ಮೂಡಿತ್ತು. ‘ಚಿತ್ರ ಪೂರ್ತಿ ಶುದ್ಧವಾಗುವವರೆಗೆ ಔಷಧ’ ಎಂಬ ನಿಯಮ ಮಾಡಿದ್ದರೆ ಅವರಲ್ಲಿ ಎಷ್ಟೋ ಜನ ಇಲ್ಲದ ರೋಗಕ್ಕೆ ಮಾತ್ರೆ ನುಂಗುತ್ತಿದ್ದರು.

ಚಿಕಿತ್ಸೆ ಮುಗಿದಾಗ

ಕೊನೆಯ ಎಕ್ಸ್‌-ರೇಯನ್ನು ಅಮೆರಿಕದ ಮಾರ್ಗಸೂಚಿ ಕಡ್ಡಾಯ ಮಾಡಿಲ್ಲ. ಆದರೂ ಒಂದನ್ನು ತೆಗೆಸಿಟ್ಟುಕೊಳ್ಳುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಗುಣವಾದ ಶ್ವಾಸಕೋಶವೆಂದರೆ ಮೊದಲಿನಂತಾದ ಶ್ವಾಸಕೋಶವೆಂದಲ್ಲ. ನಾರುಗಟ್ಟಿದ ಗೆರೆ, ಸುಣ್ಣಗಟ್ಟಿದ ಚುಕ್ಕೆ, ದಪ್ಪಗಾದ ಪ್ಲೂರಾ, ಅಗಲವಾದ ಶ್ವಾಸನಾಳಗಳು, ತೆಳುಗೋಡೆಯ ಖಾಲಿ ಕ್ಯಾವಿಟಿ ಉಳಿಯಬಹುದು. ಇದೇ ವ್ಯಕ್ತಿ ಮುಂದೊಂದು ದಿನ ಕೆಮ್ಮು ಎಂದು ಬಂದರೆ ಆ ಫಿಲ್ಮನ್ನು ಪಕ್ಕಕ್ಕಿಟ್ಟು ನೋಡಬೇಕು. ನೆರಳು ಅಷ್ಟೇ ಇದ್ದರೆ ಹಳೆಯ ಕಲೆ. ಖಾಲಿ ಕ್ಯಾವಿಟಿಯೊಳಗೆ ಉಂಡೆಯಂಥದ್ದು ಕುಳಿತಿದ್ದು, ಅದರ ಮೇಲೆ ಗಾಳಿಯ ಅರ್ಧಚಂದ್ರ ಕಂಡರೆ ಆಸ್ಪರ್ಜಿಲ್ಲೋಮಾ (ಶಿಲೀಂಧ್ರದ ಉಂಡೆ) ನೆನಪಾಗಲಿ, ರಕ್ತ ಕೆಮ್ಮಿದ್ದರಂತೂ ತಪ್ಪದೆ. ಹೊಸ ಮಸುಕು ನೆರಳು ಕಂಡರೆ ಕಫ ಕಲ್ಚರ್‌ಗೆ ಹೋಗಲೇಬೇಕು. ಇತ್ತೀಚೆಗಷ್ಟೇ ಚಿಕಿತ್ಸೆ ಮುಗಿಸಿದವರಲ್ಲಿ ಜೀನ್‌ಎಕ್ಸ್‌ಪರ್ಟ್ ಪಾಸಿಟಿವ್ ಬಂದರೂ ಅದು ಹಳೆಯ ಡಿಎನ್‌ಎ ಇರಬಹುದಾದ್ದರಿಂದ ಕಲ್ಚರ್ ಫಲಿತಾಂಶ ಬರುವವರೆಗೆ ಮರುಕಳಿಸಿದೆ ಎಂಬ ಷರಾ ಬರೆಯುವುದಿಲ್ಲ.