ಡ್ರಿಲ್ಲಿಂಗ್ ಲಾರಿಗಿಂತ ಮೊದಲು ಪದವು ಹತ್ತಬೇಕು

ಖನಿಜ ಹುಡುಕಲು ಡ್ರಿಲ್ಲಿಂಗ್ ಮಾಡುತ್ತಾರೆ ಅಂದರೆ ಊರಿನವರು ಮೊದಲು ಕೇಳುವುದು ತೂತಿನ ಬಗ್ಗೆ. ಎಷ್ಟು ಆಳ, ಎಷ್ಟು ಅಗಲ? ಡ್ರಿಲ್ಲಿಂಗ್‌ಗೆ ಮೊದಲು ಪುರಾತತ್ವ ಸರ್ವೆಗೆ ಹೋಗುವ ನನಗೆ ತೂತು ಅಂಥ ತಲೆನೋವಲ್ಲ. ಹೆಚ್ಚು ಬಳಕೆಯಲ್ಲಿರುವ ಎನ್‌ಕ್ಯೂ ಅಳತೆಯ ತೂತಿನ ವ್ಯಾಸ ಸುಮಾರು 76 ಮಿಲಿಮೀಟರ್, ಅಷ್ಟೆ. ಹಳೆಯ ಕುರುಹುಗಳನ್ನು ಹಾಳು ಮಾಡುವುದು ಅಲ್ಲಿಗೆ ಹೋಗುವ ದಾರಿ. ಲಾರಿ ಹತ್ತಲು ಜೆಸಿಬಿ ಬರುತ್ತದೆ, ಯಂತ್ರ ನಿಲ್ಲಿಸಲು ಜಾಗ ಸಪಾಟು ಮಾಡುತ್ತದೆ, ಕೆಸರು ನೀರಿಗೆ ಗುಂಡಿ ತೋಡುತ್ತದೆ.

ಕಾಸರಗೋಡಿನ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಸಪಾಟು ಬಯಲುಗಳಲ್ಲಿ, ಇದು ಇನ್ನೂ ಜಾಸ್ತಿ. ಇಲ್ಲಿ ಹುಡುಕುವುದು ಮುರಕಲ್ಲಿನ (ಲ್ಯಾಟರೈಟ್) ಪದರದೊಳಗಿನ ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು. ಆಳ ಕಮ್ಮಿ, ಆದರೆ ಚೌಕುಳಿ ಹಾಕಿ ಅನೇಕ ಕಡೆ ಕೊರೆಯಬೇಕು. ಒಂದೊಂದು ಬಿಂದುವಿಗೂ ಯಂತ್ರ ಹೋಗಬೇಕಲ್ವಾ?

ಅದೇ ಮುರಕಲ್ಲಿನಲ್ಲಿ ಕಬ್ಬಿಣದ ಯುಗದವರು ಸಮಾಧಿ ಕೋಣೆ ಕೊರೆದಿದ್ದಾರೆ. ನೀಲೇಶ್ವರ ಕಡೆಯ ಉಮಿಚ್ಚಿಪೊಯಿಲ್‌ನಲ್ಲಿ ಇಂಥವು ಸಿಕ್ಕಿವೆ. ಒಳಗೆ ಗುಮ್ಮಟದ ಆಕಾರ, ಪಕ್ಕದಲ್ಲಿ ಚಿಕ್ಕ ಬಾಗಿಲು, ಎಷ್ಟೋ ಕಡೆ ನೆತ್ತಿಯಲ್ಲಿ ಒಂದು ದುಂಡು ತೂತು, ಅದಕ್ಕೊಂದು ಕಲ್ಲಿನ ಮುಚ್ಚಳ. ಮಲಯಾಳದಲ್ಲಿ ಮುನಿಯರ, ಚೆಂಕಲ್ಲರ ಅನ್ನುತ್ತಾರೆ. ಹೊರಗಿನಿಂದ ನೋಡಿದರೆ ಬರೀ ಬಂಡೆ. ಅದರ ಮೇಲೆ ಭಾರದ ಲಾರಿ ನಿಂತರೆ ಕೋಣೆಯೂ ಹೋಗುತ್ತದೆ, ಲಾರಿಯೂ ಕುಸಿಯುತ್ತದೆ. ಕಂಪೆನಿಯವರಿಗೆ ಈ ಎರಡನೆಯದನ್ನು ಹೇಳಿದರೆ ಬೇಗ ಅರ್ಥವಾಗುತ್ತದೆ!

ನೆಲದೊಳಗಿನ ಪೊಳ್ಳನ್ನು ಸರ್ವೆ ಯಂತ್ರದಲ್ಲೇ ನೋಡಬಹುದಲ್ಲ ಅಂತ ಕೇಳುತ್ತಾರೆ. ನೋಡಬಹುದು, ಆದರೆ ಪೂರ್ತಿ ನಂಬಬಾರದು. ಮುರಕಲ್ಲಿನಲ್ಲಿ ಕಬ್ಬಿಣ ತುಂಬಿರುವುದರಿಂದ ಕಾಂತೀಯ ಸರ್ವೆಯಲ್ಲಿ ಎಲ್ಲೆಲ್ಲೂ ಸುಳ್ಳು ಸಂಕೇತಗಳ ಗದ್ದಲ. ನೆಲದೊಳಗೆ ಅಲೆ ಬಿಡುವ ರೇಡಾರ್ ಒಣ ಕಲ್ಲಿನಲ್ಲಿ ಪೊಳ್ಳನ್ನು ಹಿಡಿದೀತು, ಒದ್ದೆ ಜೇಡಿ ಸಿಕ್ಕಿದರೆ ಅಲೆ ಅಲ್ಲೇ ಸಾಯುತ್ತದೆ. ವಿದ್ಯುತ್ ರೋಧ ಅಳೆದರೆ ಪೊಳ್ಳೂ ಹೆಚ್ಚು ತೋರಿಸುತ್ತದೆ, ಒಣಗಿದ ಗಟ್ಟಿ ಕಲ್ಲೂ ಹೆಚ್ಚೇ ತೋರಿಸುತ್ತದೆ.

ಹಾಗಾಗಿ ನಡೆಯಲೇಬೇಕು. ಅದೂ ಕಾಲ ನೋಡಿ. ಮಳೆ ಮುಗಿದ ಮೇಲೆ ಪದವಿನಲ್ಲಿ ಮುಳಿಹುಲ್ಲು ಎದ್ದಿರುತ್ತದೆ, ಆಗ ಹೋದರೆ ಏನೂ ಕಾಣುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಹತ್ತು ಮೀಟರ್ ಬಿಟ್ಟು ಬಿಟ್ಟು ಸಾಲಾಗಿ ಹೋಗುತ್ತೇವೆ. ಉಳಿಯ ಗುರುತಿದೆಯಾ, ನೆಟ್ಟಗಿನ ಅಂಚಿದೆಯಾ, ಕಪ್ಪು-ಕೆಂಪು ಬಣ್ಣದ ಮಡಕೆ ಚೂರಿದೆಯಾ ಎಂದು ನೋಡುತ್ತೇವೆ. ಬಂಡೆ ಮೇಲಿನ ಗೀರುಚಿತ್ರ ಹುಡುಕಲು ಬೆಳಗ್ಗೆ ಬೇಗ ಹೋಗಬೇಕು. ಓರೆ ಬಿಸಿಲಿನಲ್ಲಿ ಕಾಣುವ ಗೆರೆ ಮಧ್ಯಾಹ್ನ ಮಾಯ. ಮಡಿಕೈ ಹತ್ತಿರದ ಎರಿಕುಳದಲ್ಲಿ ಇಂಥ ಚಿತ್ರಗಳಿವೆ.

ಇಲ್ಲಿ ಸುರಂಗವೂ ಗೊಂದಲ ಮಾಡುತ್ತದೆ. ತೋಟದ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಗಳಲ್ಲಿ ಕೆಲವಕ್ಕೆ ಗಾಳಿಗೆಂದು ಮೇಲಿನಿಂದ ಗುಂಡಿ ಇರುತ್ತದೆ. ಅದನ್ನು ಸಮಾಧಿಯ ಬಾಯಿ ಅಂದುಕೊಳ್ಳುವುದು ಸುಲಭ. ಯಾವುದೇ ಆಗಿರಲಿ, ಅಲ್ಲಿ ಕೊರೆಯಬಾರದು. ಒಬ್ಬರ ಅಡಿಕೆ ತೋಟದ ನೀರು ಹೋದೀತು.

ಹುಲ್ಲು ಕೊಯ್ಯುವವರನ್ನು, ದನ ಮೇಯಿಸುವವರನ್ನು, ಮುರಕಲ್ಲು ಕೋರೆಯಲ್ಲಿ ದುಡಿದವರನ್ನು ಕೇಳಿ. ಎಲ್ಲಿ ದನದ ಕಾಲು ಇಳಿಯಿತು, ಎಲ್ಲಿ ಕಲ್ಲು ಕೊಯ್ಯುವಾಗ ಪೊಳ್ಳು ಸಿಕ್ಕಿತು ಅಂತ ಅವರಿಗೆ ಗೊತ್ತು. ಹಳೆಯ ದಸ್ತಾವೇಜುಗಳನ್ನೂ ನೋಡಿ. 1956ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆ, ಕನ್ನಡ ಕಾಗದಗಳು ಬೇಕಾದಷ್ಟಿವೆ. ತಂಡದಲ್ಲಿ ಕನ್ನಡ ಓದುವವರು ಒಬ್ಬರಾದರೂ ಇರಲಿ. ನಾಗಬನ, ದೈವದ ಕಲ್ಲುಗಳನ್ನು ಮನೆಯವರೇ ತೋರಿಸುತ್ತಾರೆ, ಮರ್ಯಾದೆಯಿಂದ ಕೇಳಿದರೆ.

ಕಾನೂನು ಇದೆಯಲ್ಲ? ಬೇಕಲ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕಕ್ಕೆ ಇದೆ. ಸುತ್ತಲಿನ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಪಟ್ಟಿಗೇ ಸೇರದ ಸಮಾಧಿಗೆ ಆ ಬೇಲಿ ಇಲ್ಲ. ಅದನ್ನು ಉಳಿಸುವುದು ನಕ್ಷೆಯಲ್ಲಿ ಹಾಕಿದ ಒಂದು ಚುಕ್ಕೆ. ಜೆಸಿಬಿ ಬರುವ ಮೊದಲಾದರೆ ಕೊರೆಯುವ ಬಿಂದುವನ್ನು ಸ್ವಲ್ಪ ಆಚೆ ಸರಿಸಲು ಹೆಚ್ಚು ಖರ್ಚಿಲ್ಲ. ದಾರಿಯನ್ನೂ ಹಾಗೆಯೇ ಸುತ್ತು ಬಳಸಿ ಒಯ್ಯಬಹುದು. ಅದಕ್ಕೇ ನಾನು ಬಿಂದುಗಳ ನಕ್ಷೆ ಸಾಲದು, ದಾರಿಯ ನಕ್ಷೆಯೂ ಕೊಡಿ ಅಂತ ಹಟ ಹಿಡಿಯುವುದು.

ಎಷ್ಟು ನಡೆದರೂ ಒಂದೆರಡು ತಪ್ಪಿಹೋಗಬಹುದು. ಕೆಲಸದ ನಡುವೆ ಪೊಳ್ಳು ಬಾಯ್ಬಿಟ್ಟರೆ ಯಂತ್ರ ನಿಲ್ಲಿಸಿ, ಒಳಗೆ ಇಳಿಯಬೇಡಿ, ವಿಲೇಜ್ ಆಫೀಸಿಗೂ ರಾಜ್ಯ ಪುರಾತತ್ವ ಇಲಾಖೆಗೂ ತಿಳಿಸಿ. ಮಡಕೆ ಕಂಡರೆ ಎತ್ತಿ ಒಳಗಿನ ಮಣ್ಣು ಸುರಿಯಬೇಡಿ. ಈ ಹುಳಿ ಮಣ್ಣಿನಲ್ಲಿ ಎಲುಬು ಉಳಿಯುವುದೇ ಅಪರೂಪ. ಏನಾದರೂ ಉಳಿದಿದ್ದರೆ ಆ ಮಡಕೆಯೊಳಗಿನ ಮಣ್ಣಿನಲ್ಲೇ ಇರುತ್ತದೆ.